ದುರಸ್ತಿಯ ಪ್ರೋಟೀನುಗಳ ಪರೀಕ್ಷೆ ಬಡವರಿಗೂ ಸಲ್ಲಬೇಕು

1963ರಿಂದ ವೈದ್ಯರನ್ನು ಸಿದ್ಧಗೊಳಿಸುತ್ತ ಬಂದಿರುವ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವಿರುವ ಬೆಳಗಾವಿಯ ನೆಹರು ನಗರಕ್ಕೆ, ಖಾನಾಪುರದ ಕಾಡಂಚಿನ ಊರುಗಳಿಂದಲೂ ನಿಪ್ಪಾಣಿಯ ತಂಬಾಕಿನ ಸೀಮೆಯಿಂದಲೂ ರೋಗಿಗಳು ಬರುವುದು ಹೊಸದಲ್ಲ. 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು ಬೆಳಗಾವಿಯಲ್ಲಿ ಉದ್ಘಾಟಿಸಿದ ಬಳಿಕ ಈ ಸೀಮೆಯವರ ನಿರೀಕ್ಷೆ ಸಹಜವಾಗಿಯೇ ಹೆಚ್ಚಿದೆ. ಅದು ಸಫಲವಾಗಬೇಕಾದರೆ ಕಟ್ಟಡ, ಯಂತ್ರ, ಔಷಧಗಳಷ್ಟೇ ಸಾಲವು. ರೋಗಿಯ ಜೀವಕೋಶಗಳಲ್ಲಿ ಡಿಎನ್‌ಎಯನ್ನು ದುರಸ್ತಿ ಮಾಡುವ ಪ್ರೋಟೀನುಗಳು ಯಾವ ಸ್ಥಿತಿಯಲ್ಲಿವೆಯೆಂಬುದನ್ನು ತಿಳಿಸುವ ಪರೀಕ್ಷೆಯು, ಅಗತ್ಯವುಳ್ಳವರಿಗೆಲ್ಲ ಸರ್ಕಾರದ ವೆಚ್ಚದಲ್ಲಿಯೇ ದೊರೆಯತಕ್ಕದ್ದು.

ಒಂದೊಂದು ಜೀವಕೋಶದ ಡಿಎನ್‌ಎಗೂ ದಿನಂಪ್ರತಿ ಸಾವಿರಾರು ಗಾಯಗಳಾಗುತ್ತವೆ. ಅವನ್ನು ಕೂಡಿಸುವ ಪ್ರೋಟೀನುಗಳ ರೀತಿಯನ್ನು ತೋರಿಸಿಕೊಟ್ಟ ಮೂವರಿಗೆ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಪಿ53 ಎಂಬ ಪ್ರೋಟೀನು ಗಾಯಗೊಂಡ ಕೋಶದ ವಿಭಜನೆಯನ್ನು ತಡೆಯುತ್ತದೆ, ಗಾಯ ಮಾಯದಿದ್ದರೆ ಆ ಕೋಶವನ್ನೇ ಸಾಯಿಸುತ್ತದೆ. ತಂಬಾಕಿನ ಹೊಗೆಯು ಈ ಪ್ರೋಟೀನಿನ ಜೀನನ್ನೇ ಕೆಡಿಸಬಲ್ಲದೆಂಬುದನ್ನು ಬೀಡಿಯ ಸೀಮೆಯವರಾದ ನಾವು ಮರೆಯಲಾಗದು. ಜನ ‘ಕರೆಂಟು ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆಯೂ ಕೀಮೋದ ಹಲವು ಔಷಧಗಳೂ ಗಡ್ಡೆಯ ಡಿಎನ್‌ಎಯನ್ನು ಕಡಿದೇ ಕೆಲಸ ಮಾಡುವುದರಿಂದ, ದುರಸ್ತಿ ಬಲವಾಗಿರುವ ಗಡ್ಡೆಯು ಚಿಕಿತ್ಸೆಯಿಂದ ಪಾರಾಗಬಹುದು; ಆರೋಗ್ಯವಂತನನ್ನು ಕಾಯುವ ಶಕ್ತಿಯೇ ರೋಗವನ್ನೂ ಕಾಯುತ್ತದೆ. 1994 ಮತ್ತು 1995ರಲ್ಲಿ ಗುರುತಿಸಲ್ಪಟ್ಟ, ದುರಸ್ತಿಯ ಪ್ರೋಟೀನುಗಳನ್ನು ರೂಪಿಸುವ ಬಿಆರ್‌ಸಿಎ ಜೀನುಗಳೆರಡರಲ್ಲೊಂದು ಕೆಟ್ಟರೆ ಸ್ತನ ಹಾಗೂ ಅಂಡಾಶಯದ ಕ್ಯಾನ್ಸರಿನ ಅಪಾಯ ಬಹಳ ಹೆಚ್ಚುತ್ತದೆ. ಆದರೆ ಅದೇ ನ್ಯೂನತೆಯುಳ್ಳ ಗಡ್ಡೆಗೆ, ಉಳಿದ ಇನ್ನೊಂದು ದುರಸ್ತಿಯ ದಾರಿಯನ್ನೂ ಮುಚ್ಚುವ ಒಲಾಪರಿಬ್ ಮಾತ್ರೆಯು ಮಾರಕವಾಗುತ್ತದೆ. ಕೆಲವೊಮ್ಮೆ ಗಡ್ಡೆಯು ಕೆಟ್ಟ ಜೀನನ್ನು ಸರಿಪಡಿಸಿಕೊಂಡು ಈ ಮಾತ್ರೆಗೂ ಬಗ್ಗದಾಗುವುದುಂಟು. ದುರಸ್ತಿಯನ್ನು ತಡೆಯುವ ಎಸ್‌ಸಿಆರ್7 ಎಂಬ ವಸ್ತುವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ರಾಘವನ್ ಅವರ ತಂಡವು 2012ರಲ್ಲಿಯೇ ಪ್ರಕಟಿಸಿತು. ಅದಿನ್ನೂ ಪ್ರಯೋಗಶಾಲೆಯ ಸಾಧನವಾಗಿಯೇ ಉಳಿದಿದ್ದರೂ, ಈ ವಿದ್ಯೆಯು ನಮಗೆ ಪರಕೀಯವಲ್ಲ.

ಬಯಾಪ್ಸಿಯ ತುಣುಕನ್ನು ಮೇಣದ ಅಚ್ಚಿನಲ್ಲಿ ಕೂರಿಸಿ, ಕೂದಲಿಗಿಂತ ತೆಳುವಾಗಿ ಸೀಳಿ ಗಾಜಿನ ಮೇಲಿಟ್ಟು ನೋಡಿದರೆ ಗಡ್ಡೆಯ ಜಾತಿ ತಿಳಿದೀತೇ ಹೊರತು, ಹುಟ್ಟಿನಿಂದಲೇ ಬಂದ ಬಿಆರ್‌ಸಿಎ ದೋಷವು ತಿಳಿಯದು. ಅದಕ್ಕೆ ಒಂದಿಷ್ಟು ರಕ್ತವೂ ಜೀನು ಓದುವ ಯಂತ್ರವೂ ಬೇಕು. ರಕ್ತ ಕೊಡುವುದು ಸುಲಭ. ಕಷ್ಟವಿರುವುದು ಅದರ ಫಲವನ್ನು ಮನೆಯವರಿಗೆ ಹೇಳುವುದರಲ್ಲಿ. ತಾಯಿಗೆ ದೋಷವಿದೆಯೆಂದರೆ ಮಗಳ ಸಂಬಂಧ ತಪ್ಪೀತೆಂದು ಹೆದರುವ ಮನೆಗಳಿರುವಲ್ಲಿ, ದೋಷವು ತಂದೆಯ ಕಡೆಯಿಂದಲೂ ಬರಬಹುದೆಂದೂ, ದೋಷವಿದ್ದ ಮಾತ್ರಕ್ಕೆ ರೋಗ ಬಂದೇ ತೀರುವುದಿಲ್ಲವೆಂದೂ, ಕನ್ನಡದಲ್ಲಿಯೂ ಖಾನಾಪುರದವರಿಗೆ ಮರಾಠಿಯಲ್ಲಿಯೂ ಸಮಾಧಾನದಿಂದ ತಿಳಿಹೇಳುವ ಸಲಹೆಗಾರರನ್ನು ನೇಮಿಸದೆ ಪರೀಕ್ಷೆಯೊಂದನ್ನೇ ಕೊಡುವುದು ಅರ್ಧ ಉಪಕಾರವಾಗುತ್ತದೆ. ಒಬ್ಬಾಕೆಯಲ್ಲಿ ದೋಷ ಯಾವುದೆಂದು ಒಮ್ಮೆ ಗೊತ್ತಾದರೆ, ಆಕೆಯ ಅಕ್ಕತಂಗಿಯರಲ್ಲಿ ಆ ಒಂದನ್ನೇ ಹುಡುಕಿದರೆ ಸಾಕು, ವೆಚ್ಚವೂ ಬಹುಪಾಲು ಇಳಿಯುತ್ತದೆ; ಸರ್ಕಾರದ ಆರೋಗ್ಯ ಯೋಜನೆಯು ರೋಗಿಯ ಪರೀಕ್ಷೆಯ ಜೊತೆಗೆ ಇದನ್ನೂ ವಹಿಸಿಕೊಳ್ಳಲಿ.