ಹಳಿಯ ಕೆಳಗೆ ಮಲಗಿದ ಕಾಡು

ರೈಲು ಬಂದಿತು, ದೇಶ ಮುಂದುವರಿಯಿತು. ಕೈಗಾರಿಕಾ ಯುಗದ ಇತಿಹಾಸವನ್ನು ಶಾಲೆಯ ಮಕ್ಕಳು ಬಹುಪಾಲು ಇಷ್ಟರಲ್ಲೇ ಕಲಿತು ಮುಗಿಸುತ್ತಾರೆ. 1853ರ ಏಪ್ರಿಲ್ 16ರಂದು ಬೊಂಬಾಯಿಯಿಂದ ಠಾಣೆಗೆ 34 ಕಿಲೋಮೀಟರ್ ಓಡಿದ ಉಗಿಬಂಡಿಯನ್ನು ಕೊಂಡಾಡುವವರು, ಆ ಬಂಡಿ ಯಾವುದರ ಮೇಲೆ ಓಡಿತು ಎಂದು ಕೇಳುವುದಿಲ್ಲ. ಕಬ್ಬಿಣದ ಹಳಿಯ ಮೇಲೆ ಎಂಬುದು ಅರ್ಧ ಉತ್ತರ. ಆ ಹಳಿಗಳನ್ನು ಹೊತ್ತದ್ದು ಕಾಡು.

ಒಂದು ಮೈಲಿ ಹಳಿಗೆ 1,760ರಿಂದ 2,000 ಮರದ ಅಡ್ಡದಿಮ್ಮಿಗಳು ಬೇಕಾಗುತ್ತಿದ್ದವು. ಸಾವಿರ ಮೈಲಿಗೆ 17 ಲಕ್ಷಕ್ಕೂ ಹೆಚ್ಚು! ಮಳೆ, ಬಿಸಿಲು, ಗೆದ್ದಲಿಗೆ ಸಿಕ್ಕಿದ ದಿಮ್ಮಿ ಕೆಲವೇ ವರ್ಷಗಳಲ್ಲಿ ಲಡ್ಡಾಗುತ್ತಿದ್ದುದರಿಂದ, ಹಳಿ ಹಾಸಿ ಮುಗಿದರೂ ಕಡಿತ ಮುಗಿಯುತ್ತಿರಲಿಲ್ಲ. ಹಿಮಾಲಯದ ದೇವದಾರು, ಮಧ್ಯಭಾರತದ ಸಾಲವೃಕ್ಷ, ಘಟ್ಟದ ತೇಗ ಹೀಗೆ ಗಟ್ಟಿಮರಗಳೇ ಉರುಳಿದವು. 1900ರ ಹೊತ್ತಿಗೆ ಭಾರತದ ರೈಲುಮಾರ್ಗ ಸುಮಾರು 40,000 ಕಿಲೋಮೀಟರ್ ಮುಟ್ಟಿತ್ತು. ಕಲ್ಲಿದ್ದಲು ದುಬಾರಿಯಾದ ಕಡೆಗಳಲ್ಲಿ ಎಂಜಿನ್ನಿನ ಒಲೆಗೂ ಕಟ್ಟಿಗೆಯೇ ಬೇಕಾಯಿತು.

ಮರ ಮುಗಿದುಹೋದೀತೆಂಬ ಭಯ ಹುಟ್ಟಿದಾಗ ಕಡಿಸಿದವರೇ ಕಾವಲುಗಾರರಾದರು. 1864ರಲ್ಲಿ ಜರ್ಮನಿಯ ಬ್ರಾಂಡಿಸ್ ಅರಣ್ಯಗಳ ಮಹಾನಿರೀಕ್ಷಕನಾಗಿ ನೇಮಕಗೊಂಡನು. 1865ರಲ್ಲಿ ಅರಣ್ಯ ಕಾಯಿದೆ ಬಂದಿತು. 1878ರ ಕಾಯಿದೆ ಕಾಡನ್ನು ಮೀಸಲು, ರಕ್ಷಿತ, ಗ್ರಾಮಾರಣ್ಯಗಳೆಂದು ವಿಂಗಡಿಸಿತು. ದನ ಮೇಯಿಸುವುದು, ಸೊಪ್ಪು ತರುವುದು, ಕಟ್ಟಿಗೆ ಹೆಕ್ಕುವುದು ತಲೆಮಾರುಗಳ ರೂಢಿಯಾಗಿದ್ದುದು ಸರ್ಕಾರದ ಕೃಪೆಯಾಗಿ ಮಾರ್ಪಟ್ಟಿತು. ಕುಮರಿ ಬೇಸಾಯಗಾರರು ಕಾಡಿನ ಶತ್ರುಗಳೆನಿಸಿದರು. ಹೊರೆ ಸೊಪ್ಪು ತಂದವನಿಗೆ ದಂಡ, ಬೆಟ್ಟವನ್ನು ಬೋಳಿಸಿದ ಗುತ್ತಿಗೆದಾರನಿಗೆ ಪರವಾನಗಿ!

ಲಾಭ ಯಾರದಾಯಿತು? ಹಳಿ ಹಾಕಿದ ಇಂಗ್ಲಿಷ್ ಕಂಪನಿಗಳಿಗೆ ಹೂಡಿಕೆಯ ಮೇಲೆ ಶೇಕಡಾ 5ರ ಆದಾಯದ ಖಾತರಿಯಿತ್ತು. ಕೊರತೆ ಬಿದ್ದರೆ ತುಂಬಿಕೊಡುತ್ತಿದ್ದುದು ಭಾರತದ ರೈತ ಕಟ್ಟಿದ ತೆರಿಗೆ. 1863ರಲ್ಲಿ ತೆರೆದ ಭೋರ್ ಘಾಟ್ ಮಾರ್ಗಕ್ಕಾಗಿ ಸಹ್ಯಾದ್ರಿಯ ಬಂಡೆ ಸೀಳುವಾಗ ರೋಗಕ್ಕೂ ಅಪಘಾತಕ್ಕೂ ಬಲಿಯಾದ ಕೂಲಿಗಳು ಸಾವಿರಾರು.

ರೈಲು ಬರಗಾಲವನ್ನು ಗೆದ್ದಿತಲ್ಲವೇ ಎನ್ನುವವರಿದ್ದಾರೆ. ಬೆಂಗಳೂರಿಗೆ ರೈಲು ಬಂದುದು 1864ರಲ್ಲಿ. ಹನ್ನೆರಡು ವರ್ಷಗಳ ನಂತರ ಬಡಿದ 1876–78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಸುಮಾರು 50 ಲಕ್ಷ ಜನರಲ್ಲಿ 10 ಲಕ್ಷದಷ್ಟು ಮಂದಿ ಇಲ್ಲವಾದರು. ರೈಲು ಧಾನ್ಯ ತಂದುದು ನಿಜ. ಆದರೆ ಕೊಳ್ಳಲು ಕಾಸಿಲ್ಲದವನ ಬಟ್ಟಲು ಬರಿದಾಗಿಯೇ ಉಳಿಯಿತು. ಅದೇ ವರ್ಷಗಳಲ್ಲಿ ಭಾರತದ ಬಂದರುಗಳಿಂದ ಗೋಧಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಗಾಲಿಗೆ ಕರುಣೆಯೂ ಇಲ್ಲ, ಕ್ರೌರ್ಯವೂ ಇಲ್ಲ. ಓಡಿಸುವವನ ಇಚ್ಛೆಯತ್ತ ಅದು ಉರುಳುತ್ತದೆ.

ಇದು ಪರಕೀಯರ ತಪ್ಪು ಮಾತ್ರವೆಂದು ಕೈತೊಳೆದುಕೊಳ್ಳುವಂತಿಲ್ಲ. ಮೈಸೂರು ಸಂಸ್ಥಾನವೇ ಕಟ್ಟಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅದರ ಕುಲುಮೆ ಉರಿದುದು ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದ. ಸ್ವಾತಂತ್ರ್ಯದ ಬಳಿಕವೂ ಪ್ಲೈವುಡ್ಡಿಗೆಂದು, ಕಾಗದಕ್ಕೆಂದು ಕಡಿತ ನಡೆದೇ ಇತ್ತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತಾಗ, ನೂರಿಪ್ಪತ್ತು ವರ್ಷಗಳ ಬಾಕಿಯ ಲೆಕ್ಕವನ್ನು ಒಂದು ಹಳ್ಳಿ ಗಟ್ಟಿಯಾಗಿ ಕೇಳಿದಂತಾಯಿತು.

ರೈಲಿಗೆ ಬೆನ್ನು ತಿರುಗಿಸಬೇಕೆಂದು ಯಾರೂ ಹೇಳುತ್ತಿಲ್ಲ. ಮಲೆನಾಡಿನ ಹುಡುಗ ಕಾಲೇಜಿಗೆ ಹೋಗುವುದೂ, ರೋಗಿ ಆಸ್ಪತ್ರೆ ಸೇರುವುದೂ ರೈಲಿನಿಂದ ಸುಲಭವಾಗಿದೆ. ಇಂದು ಹಳಿಯ ಕೆಳಗೆ ಕಾಂಕ್ರೀಟು ದಿಮ್ಮಿಗಳಿವೆ. ಆದರೆ ಹಳಿಯೋ ಹೆದ್ದಾರಿಯೋ ಅಣೆಕಟ್ಟೋ, ಯಾವುದೇ ಹೊಸ ಯೋಜನೆ ಘಟ್ಟ ಹತ್ತುವಾಗ ಹಳೆಯ ರೀತಿಯೇ ಮರಳುತ್ತದೆ: ನಿರ್ಧಾರ ದೂರದ ನಗರದಲ್ಲಿ, ಲಾಭ ಬೇರೆಯವರಿಗೆ, ನಷ್ಟ ಬೆಟ್ಟಕ್ಕೆ.

2006ರ ಅರಣ್ಯ ಹಕ್ಕು ಕಾಯಿದೆ ಕಾಡನ್ನು ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. ಸರ್ವೆಯ ಕಲ್ಲು ನೆಡುವ ಮೊದಲೇ ಊರು ಆ ಸಭೆಯಲ್ಲಿ ಕೂಡಿ ಕೇಳಬೇಕು: ಎಷ್ಟು ಮರ, ಯಾರ ನೀರು, ಯಾರಿಗೆ ಲಾಭ? ಉತ್ತರ ಬರೆದುಕೊಡುವವರೆಗೆ ಕಲ್ಲು ನೆಡಲು ಬಿಡಬಾರದು. 1853ರಲ್ಲಿ ಈ ಪ್ರಶ್ನೆ ಕೇಳುವ ಅವಕಾಶ ಹಳ್ಳಿಗೆ ಇರಲಿಲ್ಲ. ಇಂದು ಇದೆ.