ಎರಡು ಚಿತ್ರ, ಒಂದು ಮನಸ್ಸು



ಸಿರುಗುಪ್ಪದ ಸದ್ಗೃಹಸ್ಥರೊಬ್ಬರು ಈಚೆಗೆ ಒಂದು ಪ್ರಶ್ನೆಯನ್ನು ಮುಂದಿಟ್ಟರು. ಅವರ ಮನೆಯಲ್ಲಿ ಸಂಜೆಯಾದೊಡನೆ ಟೀವಿಯ ಮುಂದೆ ವಿವಾದ ಏಳುತ್ತದೆ. ವೃದ್ಧ ತಾಯಿಯವರಿಗೆ ಕನ್ನಡದ ಧಾರಾವಾಹಿ ಬೇಕು. ಆದವಾನಿಯಿಂದ ಬಂದ ಸೊಸೆಗೆ ತೆಲುಗಿನದು ಬೇಕು. ಕಿರಿಯ ಮಗನಿಗೆ ಕ್ರಿಕೆಟ್ ಪಂದ್ಯ. ಒಂದೇ ಪರದೆಯಲ್ಲಿ ಎರಡು ಚಿತ್ರಗಳನ್ನು ತೋರಿಸುವ ಟೀವಿ ಉಂಟು, ಅದನ್ನು ತರೋಣವೆಂದು ಮಗನ ಹಟ. "ಗುರುಗಳೇ, ಒಮ್ಮೆಗೇ ಎರಡನ್ನೂ ನೋಡೋದು ಖರೇನಾ ಆಗ್ತದೇನ್ರಿ? ಮನಿಯಾಗ ಜಗಳ ತಪ್ತದೇನ್ರಿ?" ಎಂದು ಅವರು ಕೇಳಿದರು. ಪ್ರಶ್ನೆ ಒಂದು ಮನೆಯದಾದರೂ ವಿಷಯ ಎಲ್ಲರ ಮನೆಯದು. ಆದುದರಿಂದ ಇಲ್ಲಿ ವಿಚಾರಿಸೋಣ.

ಮೊದಲು ಯಂತ್ರದ ಮಾತು. ದೊಡ್ಡ ಚಿತ್ರದ ಮೂಲೆಯಲ್ಲಿ ಚಿಕ್ಕ ಚಿತ್ರವನ್ನು ಕೂಡಿಸುವ ವಿದ್ಯೆ ಹೊಸದಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಪ್ರಸಾರದಲ್ಲಿಯೇ ಕ್ರೀಡಾಂಗಣದ ದೃಶ್ಯದೊಳಗೆ ಜ್ಯೋತಿಯ ದೃಶ್ಯವನ್ನು ಚೌಕಟ್ಟು ಮಾಡಿ ತೋರಿಸಿದ್ದುಂಟು. ಮುಂದೆ ಈ ಸೌಕರ್ಯ ಮನೆಯ ಟೀವಿಗಳಿಗೂ ಬಂದಿತು. ಟೀವಿಯೊಳಗಿನ ಒಂದು ಟ್ಯೂನರ್ ಒಂದು ಸಮಯಕ್ಕೆ ಒಂದೇ ವಾಹಿನಿಯನ್ನು ಹಿಡಿಯಬಲ್ಲದು. ಎರಡು ಚಿತ್ರ ಬೇಕಾದರೆ ಎರಡು ಟ್ಯೂನರ್ ಇರಬೇಕು; ಇಲ್ಲವೇ ಎರಡನೆಯ ಚಿತ್ರ ವಿಸಿಆರ್‌ನಂತಹ ಬೇರೊಂದು ಉಪಕರಣದಿಂದ ಬರಬೇಕು. ಬೇರೆ ಬೇರೆ ಕಡೆಯಿಂದ ಬಂದ ಎರಡು ಚಿತ್ರಗಳ ತಾಳ ಕೂಡುವುದಿಲ್ಲ. ಆದಕಾರಣ ಎರಡನೆಯದನ್ನು ಅಂಕಿಗಳಾಗಿ ಮಾರ್ಪಡಿಸಿ, ಮೂರು ಗೆರೆಗಳಲ್ಲಿ ಒಂದನ್ನು, ಮೂರು ಚುಕ್ಕೆಗಳಲ್ಲಿ ಒಂದನ್ನು ಉಳಿಸಿಕೊಂಡು, ಯಂತ್ರದ ಸ್ಮೃತಿಯಲ್ಲಿ ಇರಿಸುತ್ತಾರೆ. ದೊಡ್ಡ ಚಿತ್ರದ ಗೆರೆ ಆ ಮೂಲೆಗೆ ಬಂದಾಗ ಅದನ್ನು ಹೊರತೆಗೆಯುತ್ತಾರೆ. ಹೀಗೆ ಮಾಡಿದಾಗ ಚಿಕ್ಕ ಚಿತ್ರವು ಪರದೆಯ ಒಂಬತ್ತರಲ್ಲಿ ಒಂದು ಪಾಲನ್ನು ಪಡೆಯುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ನಮ್ಮ ಮನೆಗಳಲ್ಲಿದ್ದ ಹಳೆಯ ಚಿತ್ರನಳಿಕೆಯ ಟೀವಿಯಲ್ಲಿ ಸೆಕೆಂಡಿಗೆ 25 ಚಿತ್ರ, ಒಂದೊಂದು ಚಿತ್ರಕ್ಕೆ 625 ಗೆರೆ. ಆ ಗೆರೆಗಳನ್ನೆಲ್ಲ ಬರೆಯುತ್ತಿದ್ದುದು ಪರದೆಯ ಮೇಲೆ ಓಡುವ ಒಂದೇ ಬಿಂದು. ಅದು ಒಂದು ಗೆರೆಯಲ್ಲಿ ಸ್ವಲ್ಪ ದೂರ ದೊಡ್ಡ ಚಿತ್ರವನ್ನು, ಸ್ವಲ್ಪ ದೂರ ಚಿಕ್ಕ ಚಿತ್ರವನ್ನು ಬರೆದು ಮುಂದೆ ಸಾಗುತ್ತಿತ್ತು. ಎಂದರೆ ಆ ಯಂತ್ರವೂ ಎರಡನ್ನು ಒಂದೇ ಕ್ಷಣದಲ್ಲಿ ಬರೆಯುತ್ತಿರಲಿಲ್ಲ; ಒಂದರ ಬಳಿಕ ಒಂದನ್ನು, ನಮ್ಮ ಕಣ್ಣಿಗೆ ತಿಳಿಯದಷ್ಟು ಶೀಘ್ರವಾಗಿ ಬರೆಯುತ್ತಿತ್ತು.

ಕೊಳ್ಳುವವರು ಇನ್ನೊಂದನ್ನು ತಿಳಿದಿರಬೇಕು. 2012ರಿಂದ 2017ರವರೆಗೆ ಹಂತಹಂತವಾಗಿ ಕೇಬಲ್ ಪ್ರಸಾರ ಡಿಜಿಟಲ್ ಆದ ಮೇಲೆ ವಾಹಿನಿಯನ್ನು ಆರಿಸುವ ಕೆಲಸ ಸೆಟ್‌ಟಾಪ್ ಬಾಕ್ಸಿಗೆ ಸೇರಿತು. ಸಾಮಾನ್ಯವಾದ ಒಂದು ಬಾಕ್ಸು ಟೀವಿಗೆ ಒಂದು ಸಮಯಕ್ಕೆ ಒಂದೇ ವಾಹಿನಿಯನ್ನು ಕೊಡುತ್ತದೆ. ಪರದೆಯಲ್ಲಿ ಎರಡು ಕಿಟಕಿಗಳಿದ್ದರೂ ಮನೆಯೊಳಗೆ ಬರುವ ಬಾಗಿಲು ಒಂದೇ ಆದರೆ ಪ್ರಯೋಜನವೇನು? ಎರಡನೆಯ ಚಿತ್ರ ಎಲ್ಲಿಂದ ಬರುತ್ತದೆ ಎಂಬುದನ್ನು ಅಂಗಡಿಯಲ್ಲಿಯೇ ಕೇಳಿ ತಿಳಿಯತಕ್ಕದ್ದು. ಅನೇಕ ಮನೆಗಳಲ್ಲಿ ಇಂದು ಎರಡನೆಯ ಪರದೆ ಎಂದರೆ ಕೈಯಲ್ಲಿರುವ ಮೊಬೈಲೇ ಆಗಿದೆ.

ನಮ್ಮ ಸೀಮೆಯವರಿಗೆ ಎರಡರ ಆಸೆ ಸಹಜವಾದುದು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ, ಸಿರುಗುಪ್ಪಗಳು ಮೈಸೂರಿಗೆ ಬಂದವು. ಗಡಿಯನ್ನು ಎಳೆದರೂ ಬೀಗತನ ನಿಲ್ಲಲಿಲ್ಲ, ಎರಡು ಭಾಷೆಗಳ ಬಳಕೆಯೂ ನಿಲ್ಲಲಿಲ್ಲ. ನಟಶ್ರೇಷ್ಠ ಬಳ್ಳಾರಿ ರಾಘವರು (1880–1946) ತೆಲುಗು, ಕನ್ನಡಗಳೆರಡರಲ್ಲಿಯೂ ಅಭಿನಯಿಸಿದ ಊರು ಇದು. ಟೀವಿಯ ಇತಿಹಾಸದಲ್ಲಿಯೂ ಇಂತಹ ಒಂದು ಸಂಗತಿಯುಂಟು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಏಟಿಎಸ್–6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಶಿಕ್ಷಣಪ್ರಸಾರ ನಡೆಯಿತು. ಕರ್ನಾಟಕದಲ್ಲಿ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಅದಕ್ಕೆ ಸೇರಿದ್ದವು. ಸಿರುಗುಪ್ಪದವರು ತುಂಗಭದ್ರೆಯನ್ನು ದಾಟಿದರೆ ರಾಯಚೂರು ಜಿಲ್ಲೆಯೇ. ಆ ಉಪಗ್ರಹದ ಏರ್ಪಾಡಿನಲ್ಲಿ ಒಂದು ಚಿತ್ರಕ್ಕೆ ಎರಡು ಧ್ವನಿಮಾರ್ಗಗಳಿದ್ದವು. ಒಂದೇ ಚಿತ್ರವನ್ನು ಎರಡು ಭಾಷೆಗಳವರು ತಮ್ಮ ತಮ್ಮ ಮಾತಿನಲ್ಲಿ ಕೇಳಲು ಅವಕಾಶವಿತ್ತು.

ಈಗ ನಾವು ಬಯಸುತ್ತಿರುವುದು ಅದಕ್ಕೆ ವಿಪರೀತವಾದುದು: ಎರಡು ಚಿತ್ರ, ಒಂದು ಧ್ವನಿ. ಎರಡು ಧ್ವನಿಗಳನ್ನು ಒಟ್ಟಿಗೆ ಬಿಟ್ಟರೆ ಎರಡೂ ಕೆಡುತ್ತವೆ. ಹಾಗಾಗಿ ಧ್ವನಿ ಒಬ್ಬರ ಪಾಲಿಗೆ ಹೋಗುತ್ತದೆ. ಮತ್ತೊಬ್ಬರ ಪಾಲಿಗೆ ಮೂಲೆಯ ಮೂಕಚಿತ್ರ ಉಳಿಯುತ್ತದೆ. ಕ್ರಿಕೆಟ್ಟಿಗೆ ಧ್ವನಿಯಿಲ್ಲದಿದ್ದರೂ ನಡೆದೀತು. ಮಾತಿನಿಂದಲೇ ನಡೆಯುವ ಧಾರಾವಾಹಿಗೆ ಧ್ವನಿ ಹೋದರೆ ಉಳಿಯುವುದೇನು? ಕಣ್ಣು ಮಂದವಾದ ಅಜ್ಜಿಗೆ ಒಂಬತ್ತನೆಯ ಪಾಲಿನ ಚಿತ್ರದಲ್ಲಿ ಕಾಣುವುದೇನು? ಯಂತ್ರ ಪರದೆಯನ್ನು ಹಂಚಬಲ್ಲದು, ಆದರೆ ಯಾರ ಮಾತಿಗೆ ಧ್ವನಿ ಎಂಬುದನ್ನು ಮನೆಯವರೇ ಕೂಡಿ ನಿರ್ಣಯಿಸಬೇಕು. ಆ ನಿರ್ಣಯ ಸಾಧ್ಯವಾದ ಮನೆಗೆ ಎರಡು ಚಿತ್ರದ ಟೀವಿ ಬೇಕಾಗುವುದಿಲ್ಲ. ಸಾಧ್ಯವಾಗದ ಮನೆಗೆ ಅದು ಸಾಲುವುದಿಲ್ಲ.

ಇನ್ನು ಮನಸ್ಸಿನ ವಿಚಾರ. ಮಠದ ಪಾಠಶಾಲೆಗಳಲ್ಲಿ ತರ್ಕವನ್ನು ಓದಿದವರಿಗೆ ಹದಿನೇಳನೆಯ ಶತಮಾನದ ವಿಶ್ವನಾಥ ಪಂಚಾನನರ ಮುಕ್ತಾವಳಿ ಪರಿಚಿತವಾದ ಗ್ರಂಥ. ಮನಸ್ಸು ಅಣುರೂಪವಾದುದು, ಒಂದು ಕ್ಷಣದಲ್ಲಿ ಒಂದೇ ಇಂದ್ರಿಯದೊಡನೆ ಕೂಡುತ್ತದೆ, ಆದುದರಿಂದ ಎರಡು ಜ್ಞಾನಗಳು ಒಮ್ಮೆಗೇ ಹುಟ್ಟುವುದಿಲ್ಲವೆಂಬುದು ನೈಯಾಯಿಕರ ಸಿದ್ಧಾಂತ. ಅದಕ್ಕೆ ಬರುವ ಆಕ್ಷೇಪ ಬಹಳ ಸೊಗಸಾಗಿದೆ. ಉದ್ದವಾದ ಶಷ್ಕುಲಿಯನ್ನು, ಎಂದರೆ ನಮ್ಮ ಚಕ್ಕುಲಿಯಂತಹ ಭಕ್ಷ್ಯವನ್ನು ತಿನ್ನುವಾಗ ಅದರ ರೂಪ, ವಾಸನೆ, ರುಚಿ, ಮುರಿಯುವ ಸದ್ದು ಎಲ್ಲವೂ ಒಟ್ಟಿಗೇ ತಿಳಿಯುವುದಿಲ್ಲವೇ? ಅವಧಾನಿಗಳು ಅನೇಕ ವಿಷಯಗಳಿಗೆ ಒಮ್ಮೆಗೇ ಗಮನ ಕೊಡುವುದಿಲ್ಲವೇ? ಇದಕ್ಕೆ ಅವರ ಸಮಾಧಾನವಿಷ್ಟು: ನೂರು ಕಮಲದಳಗಳನ್ನು ಒಂದರ ಮೇಲೊಂದಿಟ್ಟು ಸೂಜಿಯಿಂದ ಚುಚ್ಚಿದರೆ ಎಲ್ಲವೂ ಒಮ್ಮೆಗೇ ತೂತಾದಂತೆ ತೋರುತ್ತದೆ, ನಿಜವಾಗಿ ಸೂಜಿ ಒಂದೊಂದನ್ನೇ ದಾಟಿರುತ್ತದೆ. ಮನಸ್ಸಿನ ವೇಗವೂ ಅಂತಹುದು.

ಅವಧಾನವನ್ನು ಕಂಡವರಿಗೆ ಈ ಮಾತಿನ ಸತ್ಯ ತಿಳಿದೀತು. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು. ಒಬ್ಬರು ಸಮಸ್ಯೆಯನ್ನು ಕೊಡುತ್ತಾರೆ, ಒಬ್ಬರು ಅಕ್ಷರವನ್ನು ನಿಷೇಧಿಸುತ್ತಾರೆ, ಒಬ್ಬರು ನಡುನಡುವೆ ಗಂಟೆ ಬಾರಿಸುತ್ತಾರೆ, ಮತ್ತೊಬ್ಬರು ಅಪ್ರಸ್ತುತವಾದುದನ್ನು ಕೇಳಿ ಕೆಣಕುತ್ತಾರೆ. ಅವಧಾನಿ ಪದ್ಯದ ಒಂದು ಪಾದವನ್ನು ಒಬ್ಬರಿಗೆ ಹೇಳಿ ಮುಂದಿನವರ ಕಡೆಗೆ ತಿರುಗುತ್ತಾನೆ. ಹೀಗೆ ಸುತ್ತು ಸುತ್ತಾಗಿ ನಾಲ್ಕು ಪಾದಗಳನ್ನು ತುಂಬಿ, ಕೊನೆಯಲ್ಲಿ ಧಾರಣೆಯಿಂದ ಎಲ್ಲವನ್ನೂ ಒಪ್ಪಿಸುತ್ತಾನೆ. ಸರದಿಯಲ್ಲಿ ಬಂದ ಒಬ್ಬೊಬ್ಬರಿಗೂ ಆ ಹೊತ್ತಿಗೆ ಪೂರ್ಣ ಮನಸ್ಸನ್ನು ಕೊಟ್ಟುದರಿಂದಲೇ ಅವನಿಗೆ ಯಾವುದೂ ಮರೆಯುವುದಿಲ್ಲ.

ಆಧುನಿಕರ ಪ್ರಯೋಗವೂ ಇದಕ್ಕೆ ಸಮೀಪವಾಗಿದೆ. 1975ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಉಲ್ರಿಕ್ ನೈಸರ್ ಮತ್ತು ರಾಬರ್ಟ್ ಬೆಕ್ಲನ್ ಎಂಬವರು ಎರಡು ವಿಡಿಯೋ ದೃಶ್ಯಗಳನ್ನು ಒಂದರ ಮೇಲೊಂದು ಮೂಡುವಂತೆ ತೋರಿಸಿದರು. ಒಂದು ಚೆಂಡಾಟ, ಇನ್ನೊಂದು ಕೈಗೆ ಕೈ ಹೊಡೆಯುವ ಆಟ. ಯಾವುದಾದರೂ ಒಂದನ್ನು ಅನುಸರಿಸುವುದು ನೋಡುವವರಿಗೆ ಸುಲಭವಾಯಿತು. ಎರಡನ್ನೂ ಅನುಸರಿಸಿರೆಂದಾಗ ಬಹಳ ಕಷ್ಟಪಟ್ಟರು. ಒಂದು ಕಣ್ಣಿಗೆ ಒಂದು, ಇನ್ನೊಂದು ಕಣ್ಣಿಗೆ ಮತ್ತೊಂದು ದೃಶ್ಯವನ್ನು ಕೊಟ್ಟರೂ ಹೆಚ್ಚಿನ ಅನುಕೂಲವಾಗಲಿಲ್ಲ. ಗಮನವಿಡದ ಆಟದಲ್ಲಿ ನಡೆದ ಅನಿರೀಕ್ಷಿತ ಸಂಗತಿಗಳು ಹಲವರಿಗೆ ಕಾಣಲೇ ಇಲ್ಲ. ಕಣ್ಣೆದುರಿನಲ್ಲಿದ್ದರೂ ಮನಸ್ಸು ಹೋಗದುದು ಕಾಣುವುದಿಲ್ಲವೆಂಬುದು ಇದರ ತಾತ್ಪರ್ಯ.

ಎರಡು ಚಿತ್ರಗಳು ಸದಾ ದೋಷವೆಂದು ಇದರ ಅರ್ಥವಲ್ಲ. ವಾರ್ತೆಯನ್ನು ಓದುವವರ ಪಕ್ಕದಲ್ಲಿ ಕಿವಿ ಕೇಳದವರಿಗಾಗಿ ಕೈಸನ್ನೆಯಿಂದ ತಿಳಿಸುವವರನ್ನು ತೋರಿಸುತ್ತಾರೆ. ಅಲ್ಲಿ ಚಿತ್ರ ಎರಡಾದರೂ ಅರ್ಥ ಒಂದೇ. ಒಂದು ಮತ್ತೊಂದಕ್ಕೆ ನೆರವಾಗುತ್ತದೆ. ಅರ್ಥಗಳೇ ಎರಡಾದಾಗ ಮನಸ್ಸು ಹರಿದು ಹಂಚಿಹೋಗುತ್ತದೆ.

ಕುರುಗೋಡಿನ ದೊಡ್ಡ ಬಸವೇಶ್ವರನ ತೇರು ಎಳೆಯುವಾಗ ನೋಡಿರಿ. ತೇರು ಎದುರಿನಲ್ಲಿಯೇ ಸಾಗುತ್ತಿರುತ್ತದೆ. ಅನೇಕರ ದೃಷ್ಟಿ ಎತ್ತಿ ಹಿಡಿದ ಮೊಬೈಲಿನ ಅಂಗೈಯಗಲದ ಚಿತ್ರದ ಮೇಲಿರುತ್ತದೆ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನಿಲ್ಲಿಸುವ ಅಭ್ಯಾಸವುಳ್ಳ ಮನೆಗಳವರಿಗೆ ಒಂದರಲ್ಲಿ ನಿಲ್ಲುವುದೆಂದರೇನೆಂದು ಬೇರೆಯವರು ಹೇಳಬೇಕಾಗಿಲ್ಲ. ಆ ಅಭ್ಯಾಸವನ್ನು ಪೂಜೆಯ ಹೊತ್ತಿಗಷ್ಟೇ ಮೀಸಲಿಡದೆ ದಿನದ ಉಳಿದ ಹೊತ್ತಿಗೂ ತಂದುಕೊಳ್ಳಬೇಕು.

ತಾಯಂದಿರು, ತಂದೆಯಂದಿರು ಇಷ್ಟನ್ನು ಆಚರಣೆಗೆ ತಂದರೆ ಸಾಕು. ಟೀವಿಯ ಹೊತ್ತನ್ನು ಸರದಿಯಂತೆ ಹಂಚಿರಿ. ಅಜ್ಜಿಯ ಸರದಿಯಲ್ಲಿ ಮೊಮ್ಮಗನೂ ಪಕ್ಕದಲ್ಲಿ ಕುಳಿತು ಅದನ್ನೇ ನೋಡಲಿ, ಮೊಮ್ಮಗನ ಸರದಿಯಲ್ಲಿ ಆಟದ ನಿಯಮವನ್ನು ಅಜ್ಜಿಗೆ ಹೇಳಲಿ. ಓದುವ ಮಕ್ಕಳ ಪುಸ್ತಕದ ಪಕ್ಕದಲ್ಲಿ ಮೊಬೈಲು ಇರಬಾರದು; ಎರಡನ್ನೂ ನೋಡುತ್ತೇನೆಂಬ ಮಗು ಎರಡರಲ್ಲಿಯೂ ಅರ್ಧವನ್ನು ಕಳೆದುಕೊಳ್ಳುತ್ತದೆ. ಮನೆಯಲ್ಲಿ ಯಾರಾದರೂ ಮಾತನಾಡಲು ಬಂದರೆ ಪರದೆಯನ್ನು ನಂದಿಸಿ ಅವರ ಮುಖ ನೋಡಿರಿ. ನಮ್ಮವರ ಮುಖ ಯಾವ ಕಾಲಕ್ಕೂ ಮೂಲೆಯ ಚಿಕ್ಕ ಚಿತ್ರವಾಗಬಾರದು.