ಹೊಗಳಿಕೆಯ ಹೊರೆ: ಸಮುದಾಯ ಅಧ್ಯಯನದ ಭಾಷೆಯನ್ನು ಕುರಿತು

ಸಮುದಾಯಗಳನ್ನು ಕುರಿತ ಪೂರ್ವಗ್ರಹ ಎಂದೊಡನೆ ನಿಂದೆಯ ಮಾತುಗಳೇ ನೆನಪಾಗುತ್ತವೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಹಲವು ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿತು. 1952ರಲ್ಲಿ ಅದು ರದ್ದಾದ ಮೇಲೂ ಕಳಂಕ ಉಳಿಯಿತು. ಈ ಬಗೆಯ ನಿಂದೆಯನ್ನು ಕನ್ನಡ ಸಂಶೋಧನೆ ಬಹುಮಟ್ಟಿಗೆ ಗುರುತಿಸಿದೆ, ಪ್ರಶ್ನಿಸಿದೆ. ಆದರೆ ಅದರ ಮಗ್ಗುಲಲ್ಲೇ ಬೆಳೆದ ಹೊಗಳಿಕೆಯನ್ನು ಅಷ್ಟೇ ಎಚ್ಚರದಿಂದ ನೋಡಿಲ್ಲ. ಒಂದು ಜನವರ್ಗವನ್ನು ‘ಶ್ರಮಜೀವಿಗಳು’, ‘ಮುಗ್ಧರು’, ‘ಶೂರರು’ ಎಂದು ಕರೆಯುವುದರಿಂದ ಯಾರಿಗೂ ಅನ್ಯಾಯವಾಗದೆಂಬ ನಂಬಿಕೆ ಬೇರೂರಿದೆ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಪರಿಸರದ ಅನುಭವ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುತ್ತದೆ.

ಈ ಭಾಷೆಯ ಮೂಲವನ್ನು ವಸಾಹತುಶಾಹಿ ದಾಖಲೆಗಳಲ್ಲಿ ಹುಡುಕಬೇಕು. 1884ರಲ್ಲಿ ಪ್ರಕಟವಾದ ಬಾಂಬೆ ಗ್ಯಾಸೆಟಿಯರಿನ ಧಾರವಾಡ ಸಂಪುಟವು ಅಂದು ಆ ಜಿಲ್ಲೆಗೆ ಸೇರಿದ್ದ ಈ ಭಾಗದ ಜಾತಿಗಳನ್ನು ಒಂದೊಂದಾಗಿ ವರ್ಣಿಸುತ್ತದೆ. ಮೈಬಣ್ಣ, ಮೈಕಟ್ಟು, ಉಡುಗೆ, ಆಹಾರಗಳ ಸಾಲಿನಲ್ಲಿಯೇ ಸ್ವಭಾವವೂ ಬರುತ್ತದೆ. ಕೆಲವರು ದುಡಿಮೆಗಾರರು, ಕೆಲವರು ಮಿತವ್ಯಯಿಗಳು, ಕೆಲವರು ಸೋಮಾರಿಗಳು. ಗುಣವನ್ನು ದೇಹದ ಲಕ್ಷಣದ ಪಕ್ಕದಲ್ಲಿ ಇಟ್ಟಾಗ ಅದು ಬದುಕಿನ ಸನ್ನಿವೇಶದಿಂದ ಬಂದುದಾಗಿ ತೋರದೆ ರಕ್ತದಿಂದ ಬಂದುದಾಗಿ ತೋರುತ್ತದೆ. ಜನಾಂಗವಾದದ ತಿರುಳು ಇದೇ. ನಿಂದೆಯೂ ಸ್ತುತಿಯೂ ಒಂದೇ ಅಚ್ಚಿನಲ್ಲಿ ಮೂಡಿದವು. ಸ್ವಾತಂತ್ರ್ಯಾನಂತರದ ಸಮುದಾಯ ಅಧ್ಯಯನಗಳು ನಿಂದೆಯನ್ನು ಕೈಬಿಟ್ಟವು. ಆದರೆ ‘ಸ್ವಭಾವ’ ಎಂಬ ಉಪಶೀರ್ಷಿಕೆಯನ್ನೂ ಅದರ ಕೆಳಗಿನ ಸ್ತುತಿಯನ್ನೂ ಅನೇಕ ಕಡೆ ಹಾಗೆಯೇ ಉಳಿಸಿಕೊಂಡವು.

ಈ ಸ್ತುತಿಯ ಭಾರವನ್ನು ಹೆಚ್ಚಾಗಿ ಹೊತ್ತವರಲ್ಲಿ ಲಂಬಾಣಿಗರು ಮುಖ್ಯರು. ರೋಣ ತಾಲ್ಲೂಕಿನಲ್ಲಿಯೂ ಅದರಿಂದ ಬೇರ್ಪಟ್ಟು 2018ರಲ್ಲಿ ಕಾರ್ಯಾರಂಭ ಮಾಡಿದ ಗಜೇಂದ್ರಗಡ ತಾಲ್ಲೂಕಿನಲ್ಲಿಯೂ ಅವರ ತಾಂಡಾಗಳಿವೆ. ‘ಲಂಬಾಣಿಗರು ಹುಟ್ಟು ಶ್ರಮಜೀವಿಗಳು’ ಎಂಬ ವಾಕ್ಯ ಲೇಖನಗಳಲ್ಲಿ, ಭಾಷಣಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಚರಿತ್ರೆ ಹೇಳುವುದು ಬೇರೆ. ಎತ್ತುಗಳ ಹಿಂಡಿನ ಮೇಲೆ ಉಪ್ಪು, ದವಸಗಳನ್ನು ಹೇರಿಕೊಂಡು ದಖ್ಖನಿನ ಉದ್ದಗಲಕ್ಕೂ ಸಾಗಿದ, ಸೈನ್ಯಗಳಿಗೆ ಧಾನ್ಯ ಪೂರೈಸಿದ ಸಂಚಾರಿ ವ್ಯಾಪಾರಿಗಳು ಅವರು. ದಾರಿ, ಮಾರುಕಟ್ಟೆ, ಲೆಕ್ಕಾಚಾರ, ಪಶುಪಾಲನೆಗಳ ಅರಿವು ಅವರಲ್ಲಿತ್ತು. ಬಂಡಿರಸ್ತೆಗಳೂ 1880ರ ದಶಕದಲ್ಲಿ ಗದಗವನ್ನು ಮುಟ್ಟಿದ ರೈಲೂ ಈ ಸಾಗಾಟವನ್ನು ಕಿತ್ತುಕೊಂಡವು. ವ್ಯಾಪಾರ ಕಳೆದುಕೊಂಡವರು ಕೂಲಿಗಿಳಿದರು. ಹೀಗೆ ಸೋಲಿನಿಂದ ಒದಗಿದ ದುಡಿಮೆಯನ್ನು ‘ಹುಟ್ಟುಗುಣ’ ಎಂದು ಹೊಗಳುವುದೆಂದರೆ ಆ ಚರಿತ್ರೆಯನ್ನೇ ಅಳಿಸಿಹಾಕುವುದು.

ಅಳಿಸಿದ ಚರಿತ್ರೆಯ ಬೆಲೆಯನ್ನು ದಿನದಿನವೂ ತೆರಬೇಕಾಗುತ್ತದೆ. ಮಳೆಯಾಶ್ರಿತ ಹೊಲಗಳು ಕೈಕೊಟ್ಟಾಗ ಈ ತಾಂಡಾಗಳ ಜನ ಗೋವಾ, ಮಂಗಳೂರು, ಉಡುಪಿಗಳ ಕಟ್ಟಡ ಹಾಗೂ ರಸ್ತೆ ಕೆಲಸಗಳಿಗೆ ಗುಳೆ ಹೋಗುತ್ತಾರೆ. ಅಲ್ಲಿ ‘ಗಟ್ಟಿ ಆಳು, ಬಿಸಿಲು ಮಳೆ ತಾಳುವವರು’ ಎಂಬ ಮೆಚ್ಚುಗೆಯೇ ಅವರ ಅರ್ಹತಾಪತ್ರ. ಆ ಪತ್ರ ತೆರೆಯುವುದು ಒಂದೇ ಬಾಗಿಲನ್ನು. ಕಲ್ಲು, ಮಣ್ಣು, ಜಲ್ಲಿ ಹೊರುವ ಕೆಲಸಕ್ಕೆ ಮೊದಲ ಕರೆ ಬರುತ್ತದೆ; ಮೇಸ್ತ್ರಿ, ಮೇಲ್ವಿಚಾರಕ, ಲೆಕ್ಕಿಗರ ಸ್ಥಾನಕ್ಕೆ ಹೆಸರು ಹೊಳೆಯುವುದು ಅಪರೂಪ. ಕಷ್ಟಸಹಿಷ್ಣುಗಳೆಂದು ಒಮ್ಮೆ ಒಪ್ಪಿಕೊಂಡವರಿಗೆ ತಗಡಿನ ಗುಡಿಸಲು ಸಾಕೆನಿಸುತ್ತದೆ, ವಿಶ್ರಾಂತಿ ಅನಗತ್ಯವೆನಿಸುತ್ತದೆ, ನೋವಿನ ದೂರು ಸೋಗೆನಿಸುತ್ತದೆ. 1979ರಲ್ಲಿ ರೂಪುಗೊಂಡ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯು ವಸತಿ, ವೈದ್ಯಸೌಲಭ್ಯ, ಸ್ಥಳಾಂತರ ಭತ್ಯೆಗಳನ್ನು ಹಕ್ಕಾಗಿ ವಿಧಿಸಿತ್ತು. ತಾಳಿಕೊಳ್ಳುವುದೇ ಗುಣವೆಂದು ಹೊಗಳಿಸಿಕೊಂಡವರು ಆ ಹಕ್ಕನ್ನು ಕೇಳಿದರೆ ಗುಣಗೆಟ್ಟವರೆನಿಸಿಕೊಳ್ಳುತ್ತಾರೆ.

ಎರಡನೆಯ ಹೊಗಳಿಕೆ ಬಣ್ಣದ್ದು. ಫೇಟಿಯಾ, ಕಾಂಚಳಿ, ಕನ್ನಡಿ ಕಸೂತಿಗಳು ಮೆರವಣಿಗೆಗೂ ಸರ್ಕಾರಿ ಉತ್ಸವಕ್ಕೂ ಅನಿವಾರ್ಯ ಅಲಂಕಾರಗಳಾಗಿವೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಲಂಬಾಣಿ ಕಸೂತಿಯ ಬೃಹತ್ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಕಲೆಗೆ ಸಂದ ಮನ್ನಣೆ ಸಣ್ಣದಲ್ಲ. ಆದರೆ ಕಣ್ಣಿಗೆ ಇಷ್ಟು ಎದ್ದುಕಾಣುವ ತಾಂಡಾ ಕಂದಾಯ ದಫ್ತರಿನಲ್ಲಿ ಬಹುಕಾಲ ಕಾಣಿಸಲೇ ಇಲ್ಲವೆಂಬುದನ್ನೂ ಇದರ ಜೊತೆಗಿಟ್ಟು ನೋಡಬೇಕು. ಅನೇಕ ತಾಂಡಾಗಳು ದಾಖಲೆಯಿಲ್ಲದ ಜನವಸತಿಗಳಾಗಿದ್ದವು. ಅವುಗಳನ್ನು ಕಂದಾಯ ಗ್ರಾಮಗಳಾಗಿಸಿ ಮನೆಯ ಹಕ್ಕುಪತ್ರ ನೀಡುವ ಪ್ರಯತ್ನ ವ್ಯಾಪಕವಾದುದು ಕಳೆದ ದಶಕದಲ್ಲಷ್ಟೇ. ಉಡುಗೆಯನ್ನು ಮೆಚ್ಚಿದ ನಾಡು ಉಟ್ಟವರ ಮನೆಯ ಅಡಿಪಾಯವನ್ನು ಕೇಳಿರಲಿಲ್ಲ. ಸೀರೆ ಅಥವಾ ಚೂಡಿದಾರ ತೊಟ್ಟು ಕಾಲೇಜಿಗೆ ಬರುವ ತಾಂಡಾದ ಯುವತಿಯನ್ನು ಕಂಡು ‘ಸಂಸ್ಕೃತಿ ನಶಿಸುತ್ತಿದೆ’ ಎಂದು ಹಳಹಳಿಸುವವರು, ತಮ್ಮ ಮನೆಯ ಮಕ್ಕಳ ಉಡುಗೆ ಬದಲಾದುದಕ್ಕೆ ಹಾಗೆ ಮರುಗುವುದಿಲ್ಲ.

ನರಗುಂದದ ಕತೆ ಇದರ ಇನ್ನೊಂದು ಮುಖ. ‘ಬಂಡಾಯದ ನೆಲ’ ಎಂಬ ಬಿರುದು ಒಂದು ಸಮುದಾಯಕ್ಕಲ್ಲ, ಇಡೀ ಊರಿಗೇ ಅಂಟಿದೆ. 1858ರಲ್ಲಿ ಭಾಸ್ಕರರಾವ್ ಭಾವೆ ಬ್ರಿಟಿಷರ ವಿರುದ್ಧ ನಿಂತುದಕ್ಕೆ ದತ್ತಕದ ನಿರಾಕರಣೆ, ನಿಶ್ಶಸ್ತ್ರೀಕರಣಗಳಂತಹ ಕಾರಣಗಳಿದ್ದವು. 1980ರ ಜುಲೈ 21ರ ರೈತರ ದಂಗೆಗೆ ಮಲಪ್ರಭಾ ಅಚ್ಚುಕಟ್ಟಿನ ಬೆಟರ್‌ಮೆಂಟ್ ಲೆವಿ ಹಾಗೂ ನೀರಿನ ಕರಗಳು ಕಾರಣವಾಗಿದ್ದವು. ಇವೆರಡನ್ನೂ ‘ನೆಲದ ಗುಣ’ ಎಂದು ಒಟ್ಟುಗೂಡಿಸಿದಾಗ ಕಾರಣಗಳು ಮರೆಯಾಗಿ ಕೆಚ್ಚು ಮಾತ್ರ ಉಳಿಯುತ್ತದೆ. ಕಳಸಾ-ಬಂಡೂರಿಗಾಗಿ 2015ರಲ್ಲಿ ಅಲ್ಲಿ ಆರಂಭವಾದ ಧರಣಿ ವರ್ಷಗಟ್ಟಲೆ ನಡೆಯಿತು. ಹೋರಾಟವೇ ಸ್ವಭಾವವೆಂದು ಹೊಗಳಿಸಿಕೊಂಡ ಊರಿನ ಬೇಡಿಕೆಯನ್ನು ಬೇಡಿಕೆಯಾಗಿ ಓದದೆ ವಾಡಿಕೆಯಾಗಿ ಓದುವುದು ಸುಲಭ.

ಹೊರಗಿನ ಉದಾಹರಣೆಯೂ ಉಂಟು. 1966ರಲ್ಲಿ ವಿಲಿಯಂ ಪೀಟರ್ಸನ್ ಜಪಾನಿ ಮೂಲದ ಅಮೆರಿಕನ್ನರ ಯಶಸ್ಸನ್ನು ಕೊಂಡಾಡಿ ಬರೆದ ಲೇಖನದೊಂದಿಗೆ ‘ಮಾದರಿ ಅಲ್ಪಸಂಖ್ಯಾತರು’ ಎಂಬ ಚರ್ಚೆ ಬಲಗೊಂಡಿತು. ಆ ಸ್ತುತಿ ಅವರಲ್ಲಿನ ಬಡವರನ್ನು ಮರೆಮಾಡಿತು. ಕರಿಯರನ್ನು ಹಳಿಯುವ ಅಳತೆಗೋಲೂ ಆಯಿತು.

ಪ್ರಶಂಸೆಯಲ್ಲಿ ಸಮುದಾಯಗಳು ತಾವೇ ಹೆಮ್ಮೆಪಡುವುದಿಲ್ಲವೇ ಎಂಬ ಆಕ್ಷೇಪ ಬರಬಹುದು. ಪಡುತ್ತವೆ, ಅವಮಾನವನ್ನೇ ಉಂಡವರಿಗೆ ಅಭಿಮಾನ ಆಯುಧವೂ ಹೌದು. ಆದರೆ ತಾನೇ ಆಯ್ದುಕೊಂಡ ಗುರುತಿಗೂ ಹೊರಗಿನವರು ತೊಡಿಸಿದ ಗುರುತಿಗೂ ವ್ಯತ್ಯಾಸವಿದೆ. ಮೊದಲನೆಯದನ್ನು ಬೇಕೆಂದಾಗ ಕಳಚಿಡಬಹುದು.

ಕನ್ನಡ ವಿಭಾಗಗಳು ಈ ಪ್ರಶ್ನೆಯನ್ನು ತಮ್ಮ ಅಂಗಳದಿಂದಲೇ ಆರಂಭಿಸಬಹುದು. ತಾಂಡಾದಿಂದ ಬಂದ ಸಂಶೋಧನಾರ್ಥಿಗೆ ತಾಂಡಾದ ಹಾಡುಗಳೇ ಸಹಜ ವಿಷಯವೆಂದು ಸೂಚಿಸುವ ಒಲವು ಸದುದ್ದೇಶದ್ದೇ ಇರಬಹುದು. ಆದರೆ ಗಜೇಂದ್ರಗಡಕ್ಕೆ ಹತ್ತಿರದ ಸೂಡಿಯ ಶಾಸನಗಳೂ ಗದುಗಿನ ಕುಮಾರವ್ಯಾಸನ ಛಂದಸ್ಸೂ ಆತನಿಗೆ ಅಷ್ಟೇ ಹತ್ತಿರದವು. ಹಾಗೆಯೇ, ಪ್ರೌಢಪ್ರಬಂಧಗಳಲ್ಲಿ ‘ಸ್ವಭಾವ’ ಎಂಬ ಉಪಶೀರ್ಷಿಕೆಯ ಸ್ಥಾನಕ್ಕೆ ‘ಸನ್ನಿವೇಶ’ ಬರಬೇಕು: ಭೂಮಿ ಯಾರದು, ಕೂಲಿ ಎಷ್ಟು, ನೀರು ಎಲ್ಲಿಂದ, ದಾಖಲೆಯಲ್ಲಿ ಹೆಸರಿದೆಯೇ ಎಂಬ ವಿವರ ಬರಬೇಕು. ಒಂದು ಜನವರ್ಗವನ್ನು ಗೌರವಿಸಲು ಅದನ್ನು ಹೊಗಳಲೇಬೇಕೆಂದಿಲ್ಲ. ಅದರಲ್ಲಿಯೂ ದುಡಿಯುವವರು, ದಣಿದವರು, ಅಂಜುವವರು, ಸುಮ್ಮನಿರಬಯಸುವವರು ಎಲ್ಲರೂ ಇದ್ದಾರೆಂದು ಒಪ್ಪಿಕೊಂಡರೆ ಅದೇ ದೊಡ್ಡ ಗೌರವ.